ಕಡಿಮೆ ಹೊಡೆತಗಳ ಆಟ: ಹವ್ಯಾಸಿ ಗಾಲ್ಫ್ ಆಟಗಾರರಿಗೆ ಕೆಲವು ಹಿತವಚನ

ಕ್ರಿಕೆಟ್ಟಿನಲ್ಲಿ ಓಟಗಳು ಹೆಚ್ಚಿದಷ್ಟೂ ಗೆಲುವು ಹತ್ತಿರವಾಗುತ್ತದೆ. ಕಬಡ್ಡಿಯಲ್ಲಿ ಅಂಕ ಏರಿದಷ್ಟೂ ಮೇಲುಗೈ. ಗಾಲ್ಫ್ ಆಟದ ಲೆಕ್ಕ ಇದಕ್ಕೆ ವಿಲೋಮವಾದುದು. ಅಲ್ಲಿ ಎಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದಿರಿ ಎಂಬುದೇ ಯೋಗ್ಯತೆಯ ಅಳತೆ. ಖರ್ಚು ಕಡಿಮೆ ಮಾಡಿದವನೇ ಅಲ್ಲಿ ಶ್ರೀಮಂತ. ಮಿತವ್ಯಯವನ್ನು ಮನೆತನದ ಗುಣವೆಂದು ಬಗೆದು ಬಂದಿರುವ ನಮ್ಮ ಕುಟುಂಬಗಳಿಗೆ ಈ ಲೆಕ್ಕ ಅಪರಿಚಿತವೇನೂ ಆಗಲಾರದು.

ಈ ಪತ್ರಿಕೆಯ ಪುಟಗಳಲ್ಲಿ ಗಾಲ್ಫ್ ಆಟದ ಪ್ರಸ್ತಾಪ ಬಂದುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಕಾರಣವಿಷ್ಟೆ. ಕೋಣಂದೂರು, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಸೀಮೆಯಿಂದ ಓದು, ಉದ್ಯೋಗಗಳಿಗಾಗಿ ಬೆಂಗಳೂರು, ಮೈಸೂರುಗಳಿಗೆ ತೆರಳಿದ ಮನೆತನಗಳ ಮಕ್ಕಳಲ್ಲಿ ಹಲವರು ಇಂದು ಈ ಆಟವನ್ನು ಹಿಡಿದಿದ್ದಾರೆ. ಹೊರದೇಶದಲ್ಲಿ ನೆಲೆಸಿದವರ ಮಾತಂತೂ ಹೇಳುವುದೇ ಬೇಡ. ಹಬ್ಬಕ್ಕೆ ಊರಿಗೆ ಬಂದಾಗ ಅವರ ಬಾಯಲ್ಲಿ ಕೇಳಿಬರುವುದು ಒಂದೇ ಕೊರಗು: "ಎರಡು ವರ್ಷ ಆಡಿದರೂ ಸ್ಕೋರು ನೂರರ ಕೆಳಗೆ ಇಳಿಯುತ್ತಿಲ್ಲ." ಹಿರಿಯರಿಗೆ ಆ ಮಾತಿನ ತಲೆಬುಡ ತಿಳಿಯದು. ನಾವು ಸ್ವತಃ ಈ ಆಟವನ್ನು ಆಡಿದವರಲ್ಲ. ಆದರೆ ಆಡುವವರನ್ನು ಕಂಡಿದ್ದೇವೆ, ಬಲ್ಲವರನ್ನು ಕೇಳಿದ್ದೇವೆ, ಗ್ರಂಥಗಳನ್ನು ಓದಿದ್ದೇವೆ. ಆಡುವ ಮಕ್ಕಳಿಗೂ, ಅವರನ್ನು ಕಂಡು ಸೋಜಿಗಪಡುವ ತಾಯ್ತಂದೆಗಳಿಗೂ ಏಕಕಾಲಕ್ಕೆ ಪ್ರಯೋಜನವಾಗಲೆಂದು ಈ ನಾಲ್ಕು ಮಾತುಗಳನ್ನು ನಿವೇದಿಸುತ್ತಿದ್ದೇವೆ.

ಆಟದ ಸ್ವರೂಪ

ಗಾಲ್ಫ್ ಮೈದಾನವೆಂದರೆ ಹದಿನೆಂಟು ಕುಳಿಗಳ ಸರಣಿ. ಪ್ರತಿಯೊಂದು ಕುಳಿಗೂ ಆರಂಭದ ಜಾಗವೊಂದಿದ್ದು ಅದಕ್ಕೆ 'ಟೀ' ಎಂದು ಹೆಸರು. ಅಲ್ಲಿಂದ ಕುಳಿಯವರೆಗೆ ಹುಲ್ಲು ಕತ್ತರಿಸಿ ಹದಮಾಡಿದ ದಾರಿಯೇ 'ಫೇರ್‌ವೇ'. ಅದರ ಇಕ್ಕೆಲಗಳಲ್ಲಿ ಒರಟು ಹುಲ್ಲು, ಮರಗಳು, ಮರಳಿನ ಹೊಂಡಗಳು, ನೀರಿನ ಕೆರೆಗಳು. ದಾರಿಯ ಕೊನೆಯಲ್ಲಿ ಜಮಖಾನೆಯಂತೆ ನುಣುಪಾದ ಹುಲ್ಲಿನ ಅಂಗಳ. ಅದು 'ಗ್ರೀನ್'. ಕುಳಿ ಇರುವುದು ಅದರಲ್ಲಿಯೇ. ಕುಳಿಯ ಅಗಲ 4.25 ಅಂಗುಲ, ಚೆಂಡಿನ ಅಗಲ 1.68 ಅಂಗುಲಕ್ಕಿಂತ ಕಡಿಮೆ ಇರಕೂಡದು. ಅಂದರೆ ಕುಳಿಯು ಚೆಂಡಿನ ಎರಡೂವರೆ ಪಟ್ಟು ಅಗಲವಿರುತ್ತದೆ. ಆಟಗಾರನು ತನ್ನ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯುವಂತಿಲ್ಲ. ಅತಿ ದೂರ ಹೊಡೆಯುವ ಕೋಲು 'ಡ್ರೈವರ್', ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಕೋಲು 'ಪಟ್ಟರ್'.

ಒಳ್ಳೆಯ ಆಟಗಾರನಿಗೆ ಒಂದೊಂದು ಕುಳಿಗೆ ಎಷ್ಟು ಹೊಡೆತ ಬೇಕೆಂಬ ನಿಗದಿಗೆ 'ಪಾರ್' ಎನ್ನುತ್ತಾರೆ. ದೂರಕ್ಕನುಗುಣವಾಗಿ ಅದು ಮೂರು, ನಾಲ್ಕು ಅಥವಾ ಐದು. ಸಾಮಾನ್ಯವಾಗಿ ಇಡೀ ಮೈದಾನದ ಪಾರ್ 72 ಆಗಿರುತ್ತದೆ. ಈ ನಿಗದಿಯ ಒಳಗೇ ಒಂದು ಮರ್ಮ ಅಡಗಿದೆ. ಗ್ರೀನನ್ನು ಮುಟ್ಟಿದ ಮೇಲೆ ಪ್ರತಿ ಕುಳಿಗೆ ಎರಡು ಪಟ್ಟುಗಳೆಂದು ಲೆಕ್ಕ ಹಿಡಿದೇ ಪಾರನ್ನು ಗೊತ್ತುಮಾಡಿರುತ್ತಾರೆ. ಹದಿನೆಂಟು ಕುಳಿಗೆ ಮೂವತ್ತಾರು. ಅಂದರೆ ಎಪ್ಪತ್ತೆರಡರಲ್ಲಿ ಸರಿಯಾಗಿ ಅರ್ಧ ಪಾಲು, ತೋಳ್ಬಲದ ಅಗತ್ಯವೇ ಇಲ್ಲದ ಮೆಲ್ಲನೆಯ ಹೊಡೆತಗಳಿಗೆ ಮೀಸಲು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ನಾಡಿನಲ್ಲಿ ಈ ಆಟ

ಗಾಲ್ಫ್ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರಲ್ಲಿ ಹುಟ್ಟಿತು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ, ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ಮಂಗಳೂರಿನ ಪಿಲಿಕುಳದಲ್ಲಿ ಮೈದಾನಗಳಿವೆ. ನಮ್ಮ ಕೋಣಂದೂರಿನಲ್ಲಿ ಅಂಥದೊಂದಿಲ್ಲ. ಇಲ್ಲಿನ ಸಮತಟ್ಟು ನೆಲವೆಲ್ಲ ಗದ್ದೆ, ತೋಟಗಳ ಪಾಲು. ಆದರೂ ಗೋಲಿಯಾಟದಲ್ಲಿ ಕುಳಿಗೆ ಗುರಿಯಿಟ್ಟ ಹುಡುಗನಿಗೂ, ಚಿಣ್ಣಿದಾಂಡಿನಲ್ಲಿ ಚಿಣ್ಣಿಯನ್ನು ದೂರ ಚಿಮ್ಮಿಸಿದ ಹುಡುಗನಿಗೂ ಗಾಲ್ಫಿನ ಎರಡು ಮುಖಗಳು ಅರ್ಧ ಗೊತ್ತಿದ್ದಂತೆಯೇ ಸರಿ.

ಇದು ಸಿರಿವಂತರ ಆಟವೆಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಪೂರ್ತಿ ಸತ್ಯವಲ್ಲ. ಬೆಂಗಳೂರಿನ ಮೈದಾನದಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯನ್ನೇ ಗೆದ್ದರು. ಬಿಡದಿ ಬಳಿಯ ಗಾಲ್ಫ್ ಮೈದಾನದ ನೆರೆಯ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪನವರು ವೃತ್ತಿಪರರ ಸಾಲಿಗೇರಿದರು. ಇಂಥವರಿಗೆ ದುಬಾರಿ ಕೋಲುಗಳ ಆಸರೆಯಿರಲಿಲ್ಲ. ಆಟವನ್ನು ದಿನವೂ ಹತ್ತಿರದಿಂದ ನೋಡಿ, ಎಲ್ಲಿ ಯಾವ ಹೊಡೆತ ವ್ಯರ್ಥವಾಗುತ್ತದೆ ಎಂಬುದನ್ನು ಕಂಡುಕೊಂಡುದೇ ಅವರ ಬಂಡವಾಳ.

ಅದಿತಿ ಅಶೋಕ್ ಅವರ ನಿದರ್ಶನ ಇನ್ನೂ ಬೋಧಪ್ರದವಾದುದು. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಈ ಮಗಳು ಐದಾರು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಮೈದಾನದಲ್ಲಿ ಕೋಲು ಹಿಡಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ತಂದೆಯವರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತಾಯಿಯವರು ಅವರಿಗೆ ಕ್ಯಾಡಿಯಾಗಿದ್ದರು. ಮಗಳ ಚೀಲವನ್ನು ತಾಯಿಯೇ ಹೆಗಲಿಗೇರಿಸಿ ನಡೆದ ಆ ದೃಶ್ಯ ಎಂಥ ಗೃಹಸ್ಥರನ್ನೂ ಮುಟ್ಟುವಂಥದು. ಆ ವರ್ಷ ಕೋವಿಡ್ ಸೋಂಕಿಗೆ ತುತ್ತಾಗಿ ಬಲ ಕುಂದಿದ್ದ ಅದಿತಿಯವರ ಡ್ರೈವ್ ಹೊಡೆತಗಳು ಎದುರಾಳಿಗಳಿಗಿಂತ ಬಹಳ ಹಿಂದೆಯೇ ಬೀಳುತ್ತಿದ್ದವು. ಹಾಗಿದ್ದೂ ಅವರು 67, 66, 68, 68 ಎಂದು ನಾಲ್ಕು ಸುತ್ತುಗಳನ್ನು ಮುಗಿಸಿ ಒಟ್ಟು 269 ಹೊಡೆತಗಳೊಂದಿಗೆ ನಾಲ್ಕನೆಯ ಸ್ಥಾನದಲ್ಲಿ ನಿಂತರು. ಚಿನ್ನ ಗೆದ್ದ ಅಮೆರಿಕೆಯ ನೆಲ್ಲಿ ಕೋರ್ಡಾ ಅವರದು 267. ಕಂಚಿನ ಪದಕ ತಪ್ಪಿದುದು ಒಂದೇ ಒಂದು ಹೊಡೆತದಿಂದ. ದೂರ ಹೊಡೆಯಲಾರದ ಕೊರತೆಯನ್ನು ಅವರು ತುಂಬಿಕೊಂಡುದು ಗ್ರೀನಿನ ಸುತ್ತಲಿನ ಜಾಣ್ಮೆಯಿಂದ ಮತ್ತು ಪಟ್ಟರಿನಿಂದ. ಒಂದು ಹೊಡೆತದ ಬೆಲೆಯೆಷ್ಟು ಎಂಬುದನ್ನು ನಾಡಿಗೆ ನಾಡೇ ಅಂದು ಅರಿತಿತು.

ಮೊದಲು ಸೋರಿಕೆ ಗುರುತಿಸಿರಿ

ಬದುವಿನಲ್ಲಿ ಏಡಿ ಕೊರೆದ ತೂತಿದ್ದರೆ ಗದ್ದೆಗೆ ಎಷ್ಟು ನೀರು ಹಾಯಿಸಿದರೂ ನಿಲ್ಲದು. ಬುದ್ಧಿವಂತ ರೈತ ಮೊದಲು ಬದು ಸುತ್ತಿ ತೂತು ಹುಡುಕುತ್ತಾನೆ. ಹವ್ಯಾಸಿ ಆಟಗಾರನೂ ಮಾಡಬೇಕಾದ ಮೊದಲ ಕೆಲಸ ಇದೇ.

ಉದಾಹರಣೆಗೆ ಒಬ್ಬ ಆಟಗಾರನ ಸ್ಕೋರು 104 ಎಂದು ಭಾವಿಸೋಣ. ಅವನು ಎರಡು ಚೆಂಡುಗಳನ್ನು ಕಳೆದುಕೊಂಡಿದ್ದಾನೆ. ಕಳೆದ ಚೆಂಡಿಗೆ ಒಂದು ಹೊಡೆತದ ದಂಡ ತೆತ್ತು, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. ಹೀಗಾಗಿ ತಲಾ ಎರಡರಂತೆ ನಾಲ್ಕು ಹೊಡೆತ ನಷ್ಟ. ಎರಡು ಸಲ ನೀರಿಗೆ ಬಿದ್ದುದರಿಂದ ಎರಡು ದಂಡ. ಮರಳಿನ ಹೊಂಡದಿಂದ ಮೊದಲ ಯತ್ನದಲ್ಲಿ ಹೊರಬರಲಾಗದೆ ಎರಡು. ಗ್ರೀನಿನ ಅಂಚಿನಲ್ಲಿ ನೆಲ ಕೆತ್ತಿ ಚೆಂಡು ಅಲ್ಲೇ ಉಳಿದುದರಿಂದ ನಾಲ್ಕು. ಐದು ಕುಳಿಗಳಲ್ಲಿ ಎರಡರ ಬದಲು ಮೂರು ಪಟ್ಟು ಮಾಡಿದುದರಿಂದ ಐದು. ಒಟ್ಟು ಹದಿನೇಳು. ಇವನ್ನು ಕಳೆದರೆ ಉಳಿಯುವುದು 87. ಹೊಸ ಕೋಲು ಕೊಳ್ಳದೆ, ಒಂದು ಗಜವೂ ಹೆಚ್ಚು ದೂರ ಹೊಡೆಯದೆ, ಅದೇ ಆಟಗಾರ ಎಂಬತ್ತೇಳರ ಯೋಗ್ಯತೆಯುಳ್ಳವನಾಗಿದ್ದ ಎಂದಾಯಿತು. ಎಲ್ಲ ಸೋರಿಕೆಯೂ ಒಂದೇ ದಿನ ನಿಲ್ಲದು, ನಿಜ. ಅರ್ಧ ನಿಂತರೂ ಅವನು ನೂರರ ಕೆಳಗೆ ಇಳಿದನು.

ಆದ್ದರಿಂದ ಐದು ಸುತ್ತುಗಳ ಕಾಲ ಒಂದು ಪುಟ್ಟ ಪುಸ್ತಕದಲ್ಲಿ ಈ ಐದು ಬಾಬುಗಳನ್ನು ಬರೆದಿಡಿರಿ: ಕಳೆದ ಚೆಂಡು, ನೀರು, ಮರಳು, ಕೆಟ್ಟ ಕಿರುಹೊಡೆತ, ಮೂರನೆಯ ಪಟ್ಟು. ಅಂಗಡಿಯ ಖಾತೆಪುಸ್ತಕದಂತೆ ಅದು ತಾನಾಗಿಯೇ ಮಾತಾಡುತ್ತದೆ. ಯಾವ ಬಾಬಿನಲ್ಲಿ ಹೆಚ್ಚು ನಷ್ಟವೋ ಅಭ್ಯಾಸ ಅಲ್ಲಿಂದ ಆರಂಭವಾಗಲಿ.

ದೂರದ ಆಸೆ

ಗ್ರೀನಿನ ಸುತ್ತಲಿನ ಆಟವೇ ಸರ್ವಸ್ವವೆಂದು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಎಂಬವರು ಅಸಂಖ್ಯ ಹೊಡೆತಗಳನ್ನು ಗಣಿತದ ಒರೆಗೆ ಹಚ್ಚಿ, 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ತಿದ್ದಿದರು. ನುರಿತವನಿಗೂ ಸಾಮಾನ್ಯನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕೂ ಹೆಚ್ಚು ದೂರದ ಹೊಡೆತಗಳಿಂದ ಬರುತ್ತದೆ, ಉಳಿದ ಒಂದು ಪಾಲು ಮಾತ್ರ ಕಿರುಹೊಡೆತ ಮತ್ತು ಪಟ್ಟುಗಳಿಂದ ಎಂಬುದು ಅವರ ನಿರ್ಣಯ.

ಇದನ್ನು ಓದಿದ ಕೂಡಲೇ ಇನ್ನಷ್ಟು ಬಲವಾಗಿ ಬೀಸಬೇಕೆಂದು ಯಾರೂ ತಿಳಿಯಬಾರದು. ಹವ್ಯಾಸಿಯ ದೂರದ ಹೊಡೆತ ಕೆಡುವುದು ಬಹುಮಟ್ಟಿಗೆ ದಿಕ್ಕಿನಲ್ಲಿ. ಫೇರ್‌ವೇಯಲ್ಲಿ ಬಿದ್ದ 180 ಗಜದ ಹೊಡೆತವು ಮರಗಳ ನಡುವೆ ಮಾಯವಾದ 230 ಗಜದ ಹೊಡೆತಕ್ಕಿಂತ ಎರಡು ಹೊಡೆತಗಳಷ್ಟು ಬೆಲೆಬಾಳುತ್ತದೆ. ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ತಮ್ಮ ಶಕ್ತಿಗೆ ತಕ್ಕ ಟೀಯಿಂದ ಆಡಬೇಕು. ಪ್ರತಿ ಕುಳಿಗೂ ಹಿಂದೆ ಮುಂದೆ ಹಲವು ಟೀ ಗುರುತುಗಳಿರುತ್ತವೆ. ಗೆಳೆಯರೆದುರು ಹಿರಿಮೆಗಾಗಿ ಹಿಂದಿನ ಟೀಯಲ್ಲಿ ನಿಂತು ಒದ್ದಾಡುವುದರಲ್ಲಿ ಅರ್ಥವಿಲ್ಲ. ಎರಡನೆಯದಾಗಿ, ಇಕ್ಕಟ್ಟಾದ ಕುಳಿಗಳಲ್ಲಿ ಡ್ರೈವರನ್ನು ಚೀಲದಲ್ಲೇ ಬಿಟ್ಟು, ತಾವು ನಂಬುವ ಕಿರಿಯ ಕೋಲನ್ನು ಹಿಡಿಯಬೇಕು. ಮೂರನೆಯದಾಗಿ, ಎಡಕ್ಕೆ ನೀರಿದ್ದರೆ ಫೇರ್‌ವೇಯ ಬಲ ಅರ್ಧಕ್ಕೆ ಗುರಿಯಿಡಬೇಕು. ಗುರಿ ತಪ್ಪಿದಾಗಲೂ ಚೆಂಡು ಆಡಲಿಕ್ಕೆ ದೊರಕುವಂತಿರಲಿ.

ಗ್ರೀನಿಗೆ ಹೊಡೆಯುವಾಗಲೂ ಇದೇ ಸೂತ್ರ. ಬಾವುಟ ಗ್ರೀನಿನ ಮೂಲೆಯಲ್ಲಿ, ಮರಳಿನ ಹೊಂಡದ ಹಿಂದೆ ಇದ್ದರೆ ಬಾವುಟವನ್ನು ಮರೆತು ಗ್ರೀನಿನ ನಡುಮಧ್ಯಕ್ಕೆ ಹೊಡೆಯಬೇಕು. ಹವ್ಯಾಸಿಗಳ ಬಹುಪಾಲು ಹೊಡೆತಗಳು ಗುರಿಗಿಂತ ಮುಂಚೆಯೇ ಬೀಳುತ್ತವೆ. ತಾವು ಜೀವಮಾನದಲ್ಲಿ ಒಮ್ಮೆ ಹೊಡೆದ ಉತ್ತಮ ದೂರವನ್ನೇ ತಮ್ಮ ನಿತ್ಯದ ದೂರವೆಂದು ಅವರು ಭಾವಿಸಿರುವುದೇ ಇದಕ್ಕೆ ಕಾರಣ. ಹತ್ತು ಹೊಡೆತಗಳ ಸರಾಸರಿಯನ್ನು ಅಳೆದುಕೊಂಡು, ಅದರಂತೆ ಒಂದು ಕೋಲು ಹೆಚ್ಚು ಹಿಡಿದು ನಿಧಾನವಾಗಿ ಬೀಸಿದರೆ ಚೆಂಡು ಗ್ರೀನನ್ನು ಮುಟ್ಟುತ್ತದೆ. ಅಡಿಕೆ ಮರದ ತುದಿಯಲ್ಲಿ ಕುಳಿತ ಕೊನೆಗಾರ ಮರದಿಂದ ಮರಕ್ಕೆ ದಾಟುವಾಗ ಬಲವನ್ನು ಪ್ರಯೋಗಿಸುವುದಿಲ್ಲ. ಮರದ ತೂಗನ್ನು ಕಾಯುತ್ತಾನೆ. ಕೋಲಿನ ಬೀಸಿಗೂ ಅಂಥದೇ ಒಂದು ತೂಗು ಉಂಟು. ಅದನ್ನು ಪುಸ್ತಕದಿಂದ ಕಲಿಯಲಾಗದು. ಹಿಡಿತ, ನಿಲುವುಗಳನ್ನು ಆರಂಭದಲ್ಲಿಯೇ ಒಬ್ಬ ಒಳ್ಳೆಯ ಶಿಕ್ಷಕರಿಂದ ತಿದ್ದಿಸಿಕೊಳ್ಳುವುದು ಹೊಸ ಡ್ರೈವರಿಗೆ ಹಣ ಸುರಿಯುವುದಕ್ಕಿಂತ ಮೇಲು.

ಒಂದು ತಪ್ಪಿಗೆ ಇನ್ನೊಂದು ಸೇರದಿರಲಿ

ಚೆಂಡು ಮರಗಳ ನಡುವೆ ಸಿಕ್ಕಿತು. ಎರಡು ಕಾಂಡಗಳ ಸಂದಿಯಲ್ಲಿ ಗೇಣಗಲದ ಬೆಳಕು ಕಾಣುತ್ತದೆ. ಅದರೊಳಗಿಂದ ಗ್ರೀನಿಗೇ ಹೊಡೆದುಬಿಡೋಣವೆಂದು ಮನಸ್ಸು ಪ್ರಚೋದಿಸುತ್ತದೆ. ಹವ್ಯಾಸಿಯ ಸ್ಕೋರು ಹಾಳಾಗುವ ಘಳಿಗೆ ಇದು. ಚೆಂಡು ಕಾಂಡಕ್ಕೆ ಬಡಿದು ಇನ್ನೂ ಒಳಗೆ ಸೇರುತ್ತದೆ. ಐದರಲ್ಲಿ ಮುಗಿಯಬೇಕಾದ ಕುಳಿ ಒಂಬತ್ತಕ್ಕೆ ಮುಗಿಯುತ್ತದೆ. ಪಕ್ಕಕ್ಕೆ ಮೆಲ್ಲನೆ ತಳ್ಳಿ ಫೇರ್‌ವೇಗೆ ಮರಳಿದರೆ ನಷ್ಟ ಒಂದೇ ಹೊಡೆತ. ಒಮ್ಮೆ ಎಡವಿದವನು ಸಾವರಿಸಿಕೊಂಡು ನಿಲ್ಲಬೇಕಲ್ಲದೆ ಅದೇ ಭರದಲ್ಲಿ ಓಡಬಾರದು.

ಮರಳಿನ ಹೊಂಡದಲ್ಲಿ ಚೆಂಡನ್ನು ನೇರವಾಗಿ ಹೊಡೆಯಲು ಯತ್ನಿಸಬಾರದು. ಅಗಲ ಮುಖದ ಕೋಲನ್ನು ಸ್ವಲ್ಪ ತೆರೆದು ಹಿಡಿದು, ಚೆಂಡಿನ ಹಿಂದೆ ಒಂದೆರಡು ಅಂಗುಲ ದೂರದಲ್ಲಿ ಮರಳಿಗೆ ಹೊಡೆದು ಬೀಸನ್ನು ಪೂರ್ತಿಗೊಳಿಸಬೇಕು. ಮರಳೇ ಚೆಂಡನ್ನು ಎತ್ತಿ ಹೊರಹಾಕುತ್ತದೆ. ಅರ್ಧಕ್ಕೆ ಕೈ ತಡೆದರೆ ಚೆಂಡು ಅಲ್ಲಿಯೇ ಉಳಿಯುತ್ತದೆ. ಬಾವುಟದ ಬಳಿಗೆ ಕಳಿಸುವ ಹಂಬಲ ಬೇಡ; ಒಂದೇ ಯತ್ನಕ್ಕೆ ಹೊರಬಂದರೆ ಸಾಕು.

ನಿಯಮಗಳನ್ನು ಬಲ್ಲವನಿಗೂ ಲಾಭವುಂಟು. 2019ರಲ್ಲಿ ನಿಯಮಗಳನ್ನು ಸರಳಗೊಳಿಸಲಾಯಿತು. ಅಂದಿನಿಂದ ಚೆಂಡು ಹುಡುಕಲು ಇರುವ ಅವಧಿ ಐದರ ಬದಲು ಮೂರು ನಿಮಿಷ. ಚೆಂಡು ತಾನೇ ಮಾಡಿದ ಗುಳಿಯಲ್ಲಿ ನೆಲದೊಳಗೆ ಹುದುಗಿದ್ದರೆ, ಅದು ಮರಳಿನ ಹೊಂಡ ಅಥವಾ ದಂಡದ ಪ್ರದೇಶದಲ್ಲಿರದಿದ್ದಲ್ಲಿ, ದಂಡವಿಲ್ಲದೆ ಎತ್ತಿ ಪಕ್ಕದಲ್ಲಿ ಬಿಡಬಹುದು. ಮಳೆಗಾಲದಲ್ಲಿ ಆಡುವವರಿಗೆ ಇದು ಬಹು ಉಪಯುಕ್ತ. ಹೊಡೆಯಲು ಸಾಧ್ಯವೇ ಇಲ್ಲದ ಪೊದೆಯಲ್ಲಿ ಚೆಂಡು ಕುಳಿತಿದ್ದರೆ ಒಂದು ಹೊಡೆತದ ದಂಡ ಒಪ್ಪಿಕೊಂಡು ಹೊರತೆಗೆಯುವುದು, ಮೂರು ಸಲ ಪೊದೆ ಕಡಿಯುವುದಕ್ಕಿಂತ ಅಗ್ಗ. ಒದ್ದೆ ನೆಲದಲ್ಲಿ ಚೆಂಡು ಬಿದ್ದ ಮೇಲೆ ಉರುಳುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಹೆಚ್ಚು ದೂರದ ಕೋಲನ್ನೇ ಹಿಡಿಯಬೇಕು. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಮಾತ್ರ ಆಟವನ್ನು ಅಲ್ಲಿಗೇ ಬಿಟ್ಟು ಕಟ್ಟಡದೊಳಕ್ಕೆ ಬರಬೇಕು. ಬಟಾಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಲ್ಲುವ ಸಾಹಸ ಯಾವ ಸ್ಕೋರಿಗೂ ಬೇಡ.

ಗ್ರೀನಿನ ಅಂಚಿನಲ್ಲಿ

ಗ್ರೀನಿನಿಂದ ಹತ್ತಿಪ್ಪತ್ತು ಗಜ ಹೊರಗಿರುವಾಗ ಚೆಂಡನ್ನು ಎತ್ತರಕ್ಕೆ ಹಾರಿಸಿ ಕುಳಿಯ ಬಳಿ ಇಳಿಸುವ ಹೊಡೆತ ದೂರದರ್ಶನದಲ್ಲಿ ಅಂದವಾಗಿ ಕಾಣುತ್ತದೆ. ನುರಿತವರಿಗೂ ಅದು ಕಷ್ಟ. ಹವ್ಯಾಸಿಗೆ ಹಿತವಾದ ಕ್ರಮವೆಂದರೆ, ಸಾಧ್ಯವಿದ್ದಲ್ಲಿ ಪಟ್ಟರಿನಿಂದಲೇ ಉರುಳಿಸುವುದು. ಹುಲ್ಲು ದಟ್ಟವಾಗಿದ್ದರೆ ಮಧ್ಯಮ ಕೋಲಿನಿಂದ ಚೆಂಡನ್ನು ಗ್ರೀನಿನ ಅಂಚಿಗೆ ಪುಟಿಸಿ, ಉಳಿದ ದೂರ ಉರುಳಲು ಬಿಡುವುದು. ಇವೆರಡೂ ಆಗದಿದ್ದಾಗ ಮಾತ್ರ ಎತ್ತರಕ್ಕೆ ಹಾರಿಸುವುದು. ಶರೀರದ ಭಾರ ಮುಂಗಾಲಿನ ಮೇಲಿರಲಿ, ಕೈಗಳು ಚೆಂಡಿಗಿಂತ ತುಸು ಮುಂದಿರಲಿ. ಚೆಂಡು ಕುಳಿಗೆ ಬೀಳದಿದ್ದರೂ ಚಿಂತೆಯಿಲ್ಲ. ನಾಲ್ಕಡಿಯೊಳಗೆ ನಿಂತರೆ ಕೆಲಸವಾಯಿತು.

ಪಟ್ಟರ್ ಎಂಬ ಪುಟ್ಟ ಕೋಲು

ಗ್ರೀನಿನ ಮೇಲೆ ಎರಡು ವಿದ್ಯೆಗಳು ಬೇಕು. ದೂರದ ಪಟ್ಟಿಗೆ ವೇಗದ ಅಂದಾಜು. ಹತ್ತಿರದ ಪಟ್ಟಿಗೆ ದಿಕ್ಕಿನ ಖಚಿತತೆ. ಮೂವತ್ತು ಅಡಿ ದೂರದಿಂದ ಚೆಂಡು ಎಡಕ್ಕೋ ಬಲಕ್ಕೋ ಆರು ಅಡಿ ತಪ್ಪುವುದು ಅಪರೂಪ. ಆದರೆ ಆರು ಅಡಿ ಮುಂಚೆ ನಿಲ್ಲುವುದು, ಆರು ಅಡಿ ಮುಂದೆ ಹೋಗುವುದು ಸರ್ವೇಸಾಮಾನ್ಯ. ಮೂರನೆಯ ಪಟ್ಟು ಹುಟ್ಟುವುದು ಅಲ್ಲಿಯೇ. ಆದ್ದರಿಂದ ಆಟಕ್ಕೆ ಮುನ್ನ ಹತ್ತು ನಿಮಿಷ ಬಿಡುವಿದ್ದರೆ ಡ್ರೈವರ್ ಬೀಸದೆ, ಅಭ್ಯಾಸದ ಗ್ರೀನಿನಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಡಿಗಳಿಂದ ಉರುಳಿಸಿ ಅಂದಿನ ಹುಲ್ಲಿನ ವೇಗವನ್ನು ಅರಿತುಕೊಳ್ಳಬೇಕು.

ಹತ್ತಿರದ ಪಟ್ಟಿನಲ್ಲಿ ಪಟ್ಟರಿನ ಮುಖ ಯಾವ ಕಡೆ ನೋಡುತ್ತಿದೆಯೋ ಚೆಂಡು ಬಹುಪಾಲು ಅತ್ತಲೇ ಹೊರಡುತ್ತದೆ. ತಲೆ ಅಲುಗದೆ, ಚೆಂಡು ಹೊರಟ ಮೇಲೂ ಕಣ್ಣು ನೆಲದಲ್ಲೇ ಇರಬೇಕು. ಈ ಅಭ್ಯಾಸಕ್ಕೆ ಮೈದಾನ ಬೇಕಿಲ್ಲ. ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಒಂದು ಲೋಟವನ್ನು ಅಡ್ಡ ಮಲಗಿಸಿ, ನಾಲ್ಕಡಿ ದೂರದಿಂದ ದಿನಕ್ಕೆ ಐವತ್ತು ಸಲ ಉರುಳಿಸಿದರೆ ಸಾಕು. ಊರಿಗೆ ಬಂದ ಮಗನು ಈ ಕೆಲಸದಲ್ಲಿ ತೊಡಗಿದ್ದರೆ ಹಿರಿಯರು ನಗಬಾರದೆಂದು ನಮ್ಮ ಕೋರಿಕೆ.

ಇನ್ನೊಂದು ಸಮಾಧಾನದ ಸಂಗತಿಯಿದೆ. ಅಮೆರಿಕೆಯ ವೃತ್ತಿಪರರೇ ಎಂಟು ಅಡಿ ದೂರದಿಂದ ಹತ್ತರಲ್ಲಿ ಸುಮಾರು ಐದು ಸಲ ಮಾತ್ರ ಚೆಂಡನ್ನು ಕುಳಿಗೆ ಬೀಳಿಸುತ್ತಾರೆ. ಇಪ್ಪತ್ತು ಅಡಿಯಿಂದ ನೂರಕ್ಕೆ ಹದಿನೈದು ಸಲದಷ್ಟು. ಜಗತ್ತಿನ ಶ್ರೇಷ್ಠರ ಗತಿಯೇ ಹೀಗಿರುವಾಗ, ಹತ್ತಡಿ ಪಟ್ಟು ತಪ್ಪಿತೆಂದು ಹವ್ಯಾಸಿಯೊಬ್ಬ ಹಲ್ಲು ಕಡಿದು ಮುಂದಿನ ಕುಳಿಯನ್ನೂ ಕೆಡಿಸಿಕೊಳ್ಳುವುದು ಅವಿವೇಕ. ಸಿಟ್ಟಿನ ದಂಡ ನಿಯಮಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ. ಆದರೂ ಆಟಗಾರ ಅದನ್ನು ತೆತ್ತೇ ತೆರುತ್ತಾನೆ. ಒಂದು ಸುತ್ತಿಗೆ ನಾಲ್ಕು ತಾಸು ಹಿಡಿದರೂ ಚೆಂಡನ್ನು ಹೊಡೆಯುವ ಕಾಲ ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ನಡಿಗೆ. ಆ ನಡಿಗೆಯಲ್ಲಿ ಕಳೆದ ಹೊಡೆತವನ್ನು ಮೆಲುಕು ಹಾಕುತ್ತಾ ಹೋಗುವವನಿಗೂ, ಗಾಳಿ ಮರಗಳನ್ನು ನೋಡುತ್ತಾ ಮನಸ್ಸನ್ನು ತಿಳಿಗೊಳಿಸಿಕೊಳ್ಳುವವನಿಗೂ ಸಂಜೆಯ ಲೆಕ್ಕದಲ್ಲಿ ವ್ಯತ್ಯಾಸ ಬೀಳುತ್ತದೆ.

ಸುಳ್ಳು ಲೆಕ್ಕದ ಹಾದಿ

ಸ್ಕೋರು ಇಳಿಸುವುದಕ್ಕೆ ಅತ್ಯಂತ ಸುಲಭವಾದ, ಅಭ್ಯಾಸವೇ ಬೇಡದ ಹಾದಿಯೊಂದು ಉಂಟು. ಈ ಲೇಖನದ ಮುಖ್ಯ ಕಳಕಳಿಯೂ ಅದರ ಬಗ್ಗೆಯೇ ಇರುವುದರಿಂದ ಬಿಚ್ಚಿ ಹೇಳುತ್ತೇವೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಇದ್ದಾನೆ, ಕಬಡ್ಡಿಯಲ್ಲಿ ತೀರ್ಪುಗಾರನಿದ್ದಾನೆ. ಹವ್ಯಾಸಿಗಳ ಗಾಲ್ಫಿನಲ್ಲಿ ಸಾಮಾನ್ಯವಾಗಿ ಅಂಥವರು ಯಾರೂ ಇರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡನ್ನು ಕಾಲಿನಿಂದ ಸರಿಸಿದರೆ ನೋಡುವವರಿಲ್ಲ. ಗಾಳಿಗೆ ಬೀಸಿದ ಹೊಡೆತವನ್ನು ಅಭ್ಯಾಸದ ಬೀಸು ಎಂದರೆ ಕೇಳುವವರಿಲ್ಲ. ಏಳನ್ನು ಆರೆಂದು ಬರೆದರೆ ಕಾಗದ ತಕರಾರು ಮಾಡುವುದಿಲ್ಲ. ಕೆಟ್ಟ ಮೊದಲ ಹೊಡೆತವನ್ನು ಲೆಕ್ಕಕ್ಕೆ ಬಿಟ್ಟು ಮತ್ತೊಂದು ಹೊಡೆಯುವುದು, ಮೂರಡಿಯ ಪಟ್ಟನ್ನು ಗೆಳೆಯನ ದಾಕ್ಷಿಣ್ಯದಿಂದ ಮಾಫಿ ಮಾಡಿಸಿಕೊಳ್ಳುವುದು ಮುಂತಾದ ರೂಢಿಗಳು ವಿನೋದದ ಆಟದಲ್ಲಿ ಹೇಗೋ ನಡೆಯಲಿ. ಬರೆದಿಡುವ ಸ್ಕೋರಿನಲ್ಲಿ ಅವಕ್ಕೆ ಎಡೆಯಿಲ್ಲ.

ಸುಳ್ಳು ಸ್ಕೋರಿನಿಂದ ಆಟಗಾರನಿಗೇ ಮೊದಲ ಹಾನಿ. ಹವ್ಯಾಸಿಗಳ ಯೋಗ್ಯತೆಯನ್ನು ಅಳೆಯಲು 'ಹ್ಯಾಂಡಿಕ್ಯಾಪ್' ಎಂಬ ಪದ್ಧತಿಯಿದೆ. ದುರ್ಬಲ ಆಟಗಾರನಿಗೆ ಇಂತಿಷ್ಟು ಹೊಡೆತಗಳ ರಿಯಾಯಿತಿ ಕೊಟ್ಟು ಪ್ರಬಲನೊಂದಿಗೆ ಸಮನಾಗಿ ಆಡಲು ಅನುವು ಮಾಡಿಕೊಡುವ ಏರ್ಪಾಡದು. 2020ರಲ್ಲಿ ಜಗತ್ತಿನ ಅನೇಕ ದೇಶಗಳಿಗೆ ಅನ್ವಯವಾಗುವಂತೆ ಇದನ್ನು ಒಂದುಗೂಡಿಸಿದರು. ಕಳೆದ ಇಪ್ಪತ್ತು ಸುತ್ತುಗಳಲ್ಲಿ ಉತ್ತಮವಾದ ಎಂಟರ ಸರಾಸರಿಯಿಂದ ಅದನ್ನು ಗಣಿಸುತ್ತಾರೆ. ಗರಿಷ್ಠ ಮಿತಿ 54. ಜಂಬಕ್ಕಾಗಿ ಸ್ಕೋರನ್ನು ಇಳಿಸಿ ಬರೆದವನಿಗೆ ರಿಯಾಯಿತಿ ಕಡಿಮೆಯಾಗಿ, ಪಂದ್ಯದಲ್ಲಿ ಅವನು ಸೋಲುತ್ತಲೇ ಇರುತ್ತಾನೆ. ಬಹುಮಾನದಾಸೆಗೆ ಏರಿಸಿ ಬರೆದವನು ಗೆಳೆಯರ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ಹಿಂದೆ ಹೇಳಿದ ಸೋರಿಕೆಯ ಖಾತೆಪುಸ್ತಕವೂ ಸುಳ್ಳು ಲೆಕ್ಕದಿಂದ ನಿರುಪಯುಕ್ತವಾಗುತ್ತದೆ. ತೂತನ್ನು ಬಚ್ಚಿಟ್ಟವನು ಅದನ್ನು ಮುಚ್ಚುವುದಾದರೂ ಹೇಗೆ?

ಅಮೆರಿಕೆಯ ಬಾಬಿ ಜೋನ್ಸ್ ಎಂಬ ಮಹಾನ್ ಆಟಗಾರ ಪಂದ್ಯಗಳಲ್ಲಿ ಸ್ಪರ್ಧಿಸಿ ಗೆದ್ದ ಕಾಲವಿಡೀ ಹವ್ಯಾಸಿಯಾಗಿಯೇ ಉಳಿದವನು; ಕಾನೂನು ಓದಿ ವಕೀಲನಾದವನು. 1925ರ ಅಮೆರಿಕನ್ ಓಪನ್ ಪಂದ್ಯಾವಳಿಯಲ್ಲಿ ಒರಟು ಹುಲ್ಲಿನಲ್ಲಿ ಹೊಡೆಯಲು ಸಿದ್ಧನಾಗುತ್ತಿದ್ದಾಗ ಅವನ ಕೋಲು ಹುಲ್ಲಿಗೆ ತಾಗಿ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ. ಅಧಿಕಾರಿಗಳು ತೀರ್ಮಾನವನ್ನು ಅವನಿಗೇ ಬಿಟ್ಟರು. ಅವನು ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡನು. ನಾಲ್ಕು ಸುತ್ತುಗಳ ಕೊನೆಯಲ್ಲಿ ಅವನೂ ವಿಲ್ಲಿ ಮ್ಯಾಕ್‌ಫಾರ್ಲೇನ್ ಎಂಬವನೂ ಸಮಸಮವಾಗಿ ನಿಂತರು. ಮರುಪಂದ್ಯದಲ್ಲಿ ಜೋನ್ಸ್ ಸೋತನು. ಆ ಒಂದು ದಂಡ ಇಲ್ಲದಿದ್ದರೆ ಪ್ರಶಸ್ತಿ ಅವನದೇ ಆಗಿತ್ತು. ಐದು ವರ್ಷಗಳ ನಂತರ 1930ರಲ್ಲಿ ಅವನು ಅಂದಿನ ನಾಲ್ಕು ಮಹಾಪಂದ್ಯಗಳನ್ನೂ ಒಂದೇ ವರ್ಷದಲ್ಲಿ ಗೆದ್ದು ಆಟದಿಂದ ನಿವೃತ್ತನಾದನು. ಗೆದ್ದ ಪ್ರಶಸ್ತಿಗಳ ಜೊತೆಗೆ ಈ ಸೋತ ಪ್ರಶಸ್ತಿಯನ್ನೂ ಲೋಕ ಇಂದಿಗೂ ನೆನೆಯುತ್ತದೆ.

ಅದಿತಿಯವರ ಪದಕ ತಪ್ಪಿದುದು ಒಂದು ಹೊಡೆತದಿಂದ. ಜೋನ್ಸ್‌ನ ಪ್ರಶಸ್ತಿ ತಪ್ಪಿದುದೂ ಒಂದು ಹೊಡೆತದಿಂದ. ಹೊಡೆತ ಉಳಿಸುವುದಕ್ಕಾಗಿ ಎಷ್ಟು ಶ್ರಮಪಟ್ಟರೂ ಸಲ್ಲುತ್ತದೆ ಎಂಬುದನ್ನು ಮೊದಲನೆಯದು ಹೇಳಿದರೆ, ಯಾವ ಬೆಲೆಗೆ ಉಳಿಸಬಾರದು ಎಂಬುದನ್ನು ಎರಡನೆಯದು ಹೇಳುತ್ತದೆ.

ಮನೆಯವರಿಗೆ ಒಂದು ಮಾತು

ಕೊನೆಯದಾಗಿ ಕುಟುಂಬದ ಹಿರಿಯರಿಗೂ ಆಡುವವರಿಗೂ ಒಂದೆರಡು ಮಾತು. ಈ ಆಟ ಹಣವನ್ನೂ ಕಾಲವನ್ನೂ ಬೇಡುತ್ತದೆ. ಭಾನುವಾರ ಬೆಳಗೆಲ್ಲ ಮೈದಾನದಲ್ಲಿ ಕಳೆದು, ಸಂಜೆ ಸ್ಕೋರಿನ ಕೊರಗಿನಲ್ಲಿ ಮನೆಮಂದಿಯ ಮೇಲೆ ಸಿಡುಕುವುದಾದರೆ ಆ ಆಟದಿಂದ ಬಂದ ಭಾಗ್ಯವೇನು? ಹಳೆಯ ಕೋಲುಗಳಿಂದಲೇ ಆರಂಭಿಸಿರಿ. ಪುಸ್ತಕದಲ್ಲಿ ಸೋರಿಕೆ ಕಡಿಮೆಯಾಗುತ್ತಿದೆಯೆಂದು ಕಂಡ ಮೇಲೆ ಬೇಕಾದರೆ ಹೊಸದನ್ನು ಕೊಳ್ಳಿರಿ. ಚೀಲ ಹೊರುವ ಕ್ಯಾಡಿಯನ್ನು ಗೌರವದಿಂದ ಕಾಣಿರಿ. ಆ ಮೈದಾನದ ಏರುತಗ್ಗುಗಳನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅವನ ಒಂದು ಮಾತು ಎರಡು ಹೊಡೆತ ಉಳಿಸೀತು. ಮಕ್ಕಳು ಒಲವು ತೋರಿದರೆ ಜೊತೆಗೆ ಕರೆದೊಯ್ಯಿರಿ. ಏಳೆಂಟು ಕಿಲೋಮೀಟರು ನಡಿಗೆಯೂ ಆಯಿತು, ಯಾರೂ ನೋಡದಿರುವಾಗ ಸರಿಯಾಗಿ ಎಣಿಸುವ ಪಾಠವೂ ಆಯಿತು.

ನಮ್ಮ ಓದುಗ ಬಂಧುಗಳ ಮಕ್ಕಳ ಸ್ಕೋರು ಮುಂದಿನ ಹಬ್ಬದ ಹೊತ್ತಿಗೆ ನೂರರ ಕೆಳಗೆ ಇಳಿಯಲಿ. ಇಳಿದ ಪ್ರತಿಯೊಂದು ಹೊಡೆತವೂ ನಿಜವಾಗಿ ಇಳಿದುದೇ ಆಗಿರಲಿ ಎಂದು ಹಾರೈಸುತ್ತೇವೆ.